ಹಗ್ಗ ಹಿಡಿದು ಬನ್ನಿ, ಅಳೆಯೋಣ

ಊರಾಚೆಯ ಹೊಲದಲ್ಲಿ ಒಂದು ಹೆಣ ಸಿಕ್ಕಿದೆ. ಕೊಂದವರು ಯಾರೋ ತಿಳಿಯದು. ಯೆಹೂದ್ಯರ ಧರ್ಮಶಾಸ್ತ್ರದ ಐದನೆಯ ಪುಸ್ತಕ, ಕನ್ನಡ ಬೈಬಲಿನಲ್ಲಿ ಧರ್ಮೋಪದೇಶಕಾಂಡ ಎಂದು ಅಚ್ಚಾಗಿರುವುದು, ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ವಿಧಿಸುತ್ತದೆ. ಹಿರಿಯರೂ ನ್ಯಾಯಾಧೀಶರೂ ಹೊರಟು ಬರಬೇಕು. ಹೆಣ ಬಿದ್ದ ಜಾಗದಿಂದ ಸುತ್ತಲಿನ ಊರುಗಳಿಗೆ ಎಷ್ಟು ದೂರವೆಂದು ಅಳೆಯಬೇಕು. ಯಾವ ಊರು ಹತ್ತಿರವೋ ಆ ಊರಿನ ಹಿರಿಯರು ನೊಗ ಹೊರದ ಒಂದು ಕಡಸನ್ನು ಹಳ್ಳ ಹರಿಯುವ, ಯಾರೂ ಉತ್ತು ಬಿತ್ತದ ಕಣಿವೆಗೆ ಹೊಡೆದುಕೊಂಡು ಹೋಗಿ, ಅದರ ಕತ್ತು ಮುರಿದು, ಕೈ ತೊಳೆದು, ಈ ಸಾವಿಗೆ ತಾವು ಕಾರಣರಲ್ಲವೆಂದು ದೇವರೆದುರು ನುಡಿಯಬೇಕು.

ಆ ಕಡಸು ಏನು ಪಾಪ ಮಾಡಿತ್ತು ಎಂದು ಕೇಳಬಹುದು. ನನಗೂ ಆ ಭಾಗ ಒಗ್ಗದು. ಆದರೆ ಯೆಹೂದಿ ಪಂಡಿತರು ಇದಕ್ಕಿಂತ ಆಳಕ್ಕೆ ಇರಿಯುವ ಪ್ರಶ್ನೆ ಎತ್ತಿದರು. ಕ್ರಿ.ಶ. 200ರ ಸುಮಾರಿಗೆ ಸಂಗ್ರಹಗೊಂಡ ಅವರ ಮಿಶ್ನಾ ಗ್ರಂಥದಲ್ಲಿ ಅದು ದಾಖಲಾಗಿದೆ. ಊರ ಹಿರಿಯರೇ ಕೊಲೆಗಡುಕರೆಂದು ಯಾರಾದರೂ ಅಂದುಕೊಂಡಾರೆಯೇ? ಹಾಗಾದರೆ ಅವರೇಕೆ ಕೈ ತೊಳೆಯಬೇಕು? ಉತ್ತರ ಹೀಗಿದೆ: ಆ ಮನುಷ್ಯ ನಮ್ಮೂರಿಗೆ ಬಂದಾಗ ಉಣ್ಣಲು ಕೊಡದೆ ಅವನನ್ನು ಕಳಿಸಲಿಲ್ಲ, ಜತೆಗೆ ಯಾರೂ ಇಲ್ಲದೆ ದಾರಿಗೆ ಬಿಡಲಿಲ್ಲ ಎಂದು ಎದೆ ಮುಟ್ಟಿಕೊಂಡು ಹೇಳಲಿಕ್ಕೆ. ಅಂದರೆ ಕೊಂದವರ ಲೆಕ್ಕ ಬೇರೆ, ಅದನ್ನು ನ್ಯಾಯಾಲಯ ನೋಡಿಕೊಳ್ಳಲಿ. ಹಸಿದು ಹೋದವನ ಲೆಕ್ಕ ಊರಿನದು. ಹೆಣ ಅಗಸಿಯ ಮುಂದೆಯೇ ಬಿದ್ದಿದ್ದು, ಯಾವ ಊರು ಹತ್ತಿರವೆಂದು ಕಣ್ಣಿಗೇ ಕಾಣುತ್ತಿದ್ದರೂ ಹಗ್ಗ ಹಿಡಿದು ಅಳೆಯಲೇಬೇಕೆಂದು ಪಂಡಿತರು ಪಟ್ಟು ಹಿಡಿದರು. ಅಳೆಯುವುದೇ ಒಂದು ಧರ್ಮಕಾರ್ಯ.

ನಮ್ಮ ಕಡೆಯೂ ಅಳೆಯುತ್ತೇವೆ. ವಾಡಿ ಜಂಕ್ಷನ್ನಿನ ಆಚೆ ಹಳಿಯ ಮೇಲೆ ಗುರುತಿಲ್ಲದ ಹೆಣ ಸಿಕ್ಕರೆ ಮೊದಲು ಏಳುವ ಮಾತು ಹದ್ದಿನದು. ಹಳಿಯ ಒಳಗಿದ್ದರೆ ರೈಲ್ವೆ ಪೊಲೀಸರದು, ಜಲ್ಲಿ ದಾಟಿ ಹೊರಳಿದ್ದರೆ ಊರ ಠಾಣೆಯದು. ಹೊಲದಲ್ಲಿದ್ದರೆ ಚಿತ್ತಾಪುರವೋ ಶಹಾಬಾದೋ, ಸೇಡಂ ಕಡೆಗೆ ಸರಿದಿದೆಯೋ ಎಂಬ ವಿಚಾರ. “ನಮ್ಮ ಹದ್ದಿನ್ಯಾಗ ಬರಂಗಿಲ್ರಿ” ಎನ್ನುವ ಮಾತು ಎಷ್ಟು ಸಲೀಸಾಗಿ ಬಾಯಿಗೆ ಬರುತ್ತದೆಂದು ಕಚೇರಿ ಹತ್ತಿಳಿದವರಿಗೆಲ್ಲ ಗೊತ್ತು. ಆ ಹಿರಿಯರು ಹೊಣೆ ಹೊರಲು ಅಳೆದರು, ನಾವು ಹೊಣೆ ದಾಟಿಸಲು ಅಳೆಯುತ್ತೇವೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಯ ಜನರ ಮುಂದೆ ನಾನು ಇಡುವ ಅಹವಾಲು ಇಷ್ಟೇ: ಈ ಅಳತೆಯ ದಿಕ್ಕು ತಿರುಗಲಿ.

ಎಲ್ಲಿಯ ಯೆಹೂದ್ಯರು, ಎಲ್ಲಿಯ ಕಾಗಿಣಾ ದಂಡೆ ಎನ್ನುವವರಿಗೆ ಒಂದು ಮಾತು. ತಾಂಡಾಗಳಿಂದ ಗುಳೆ ಹೊರಟವರು ವಾಡಿಯಲ್ಲಿ ರೈಲು ಹತ್ತಿ ಮುಂಬೈಗೆ ಹೋಗುತ್ತಾರಲ್ಲ, ಕೊನೆಯ ನಿಲ್ದಾಣ ಬರುವ ಮುನ್ನ ಕಿಟಕಿಯಾಚೆ ಮಸ್ಜಿದ್ ಎಂಬ ನಿಲ್ದಾಣ ಹಾದುಹೋಗುತ್ತದೆ. ಆ ಹೆಸರು ಬಂದದ್ದು ಹತ್ತಿರದ ಯೆಹೂದಿ ಪ್ರಾರ್ಥನಾ ಮಂದಿರದಿಂದ ಎನ್ನುತ್ತಾರೆ. ಅದನ್ನು 1796ರಲ್ಲಿ ಕಟ್ಟಿಸಿದವನು ಕೊಂಕಣದ ಬೆನೆ ಇಸ್ರೇಲ್ ಸಮುದಾಯದ ಸ್ಯಾಮ್ಯುಯೆಲ್ ದಿವೇಕರ್, ಕಂಪನಿ ಸೈನ್ಯದ ಅಧಿಕಾರಿ. ಎರಡನೆಯ ಮೈಸೂರು ಯುದ್ಧದಲ್ಲಿ ಸೆರೆ ಸಿಕ್ಕವನು. ನೀವು ಯಾವ ಜನ ಎಂದು ಕೇಳಿದಾಗ ಬೆನೆ ಇಸ್ರೇಲ್ ಎಂದನಂತೆ. ಖುರಾನಿನಲ್ಲಿ ಆ ಹೆಸರು ಓದಿದ್ದ ಟಿಪ್ಪುವಿನ ತಾಯಿ ಅವನ ಜೀವ ಉಳಿಸಿದಳೆಂದು ಆ ಸಮುದಾಯ ಹೇಳಿಕೊಂಡು ಬಂದಿದೆ. ಕನ್ನಡದ ನೆಲದಲ್ಲಿ ಸೆರೆಯಾಗಿ, ಮುಸ್ಲಿಂ ತಾಯಿಯೊಬ್ಬಳ ದಯೆಯಿಂದ ಬದುಕಿದವನು ಕಟ್ಟಿಸಿದ ಮಂದಿರದ ಹೆಸರು ಕರುಣೆಯ ಬಾಗಿಲು. ಇದೇ ಸಮುದಾಯದವರು ಕೊಂಕಣದಲ್ಲಿ ಗಾಣ ಆಡಿಸಿ ಬದುಕುತ್ತಿದ್ದರು. ಶನಿವಾರ ಮಾತ್ರ ಗಾಣ ಕಟ್ಟುತ್ತಿರಲಿಲ್ಲವಾಗಿ ನೆರೆಯವರು ಅವರನ್ನು ಶನಿವಾರ ತೇಲಿಗಳೆಂದು ಕರೆದರು. ಕಾಯಕವೂ ದೇವರೂ ಒಂದೇ ಅಂಗಳದಲ್ಲಿದ್ದವು ಎಂದರೆ ಕಲ್ಯಾಣದ ಶರಣರ ನೆಲದವರಾದ ನಮಗೆ ಬಿಡಿಸಿ ಹೇಳಬೇಕಾದ್ದಿಲ್ಲ.

ಈಗ ಕಷ್ಟದ ಮಾತಿಗೆ ಬರೋಣ. 2022ರ ಕೊನೆಯಲ್ಲಿ ಹೂ ಕಾಯಿ ಹಿಡಿದು ನಿಂತಿದ್ದ ತೊಗರಿ ನೆಟೆ ರೋಗಕ್ಕೆ ನಿಂತಲ್ಲೇ ಒಣಗಿತು. ಜಿಐ ಮಾನ್ಯತೆ ಪಡೆದ ಕಲಬುರಗಿ ತೊಗರಿ ಎಂದು ಬೀಗುತ್ತಿದ್ದ ಹೊತ್ತಿಗೇ ಹೊಲಕ್ಕೆ ಹೊಲವೇ ಕಟ್ಟಿಗೆಯಾಯಿತು. 2025ರ ಮುಂಗಾರಿನಲ್ಲಿ ಉಲ್ಟಾ ಆಯಿತು: ಹೆಸರು, ಉದ್ದು ರಾಶಿ ಮಾಡುವ ಹೊತ್ತಿಗೆ ಮಳೆ ಬಿಡಲೇ ಇಲ್ಲ, ಕಾಗಿಣಾ ಉಕ್ಕಿ ಮಳಖೇಡದ ಸೇತುವೆ ಮುಳುಗಿತು, ಭೀಮೆ ದಂಡೆಯ ಊರುಗಳೊಳಗೆ ಬಂದಳು. ಬಡ್ಡಿ ಸಾಲದ ಮನೆಗಳಲ್ಲಿ ಆಗ ಕೇಳಿಸುವ ಮಾತು ಒಂದೇ: “ನಮ್ಮ ಕೈಯಾಗ ಏನದರಿ, ಎಲ್ಲಾ ಮ್ಯಾಲಿನಾಂವನ ಆಟ.” ಈ ಮಾತನ್ನು ನಾನು ಹಗುರವಾಗಿ ನೋಡಲಾರೆ. ಮಗ ಸತ್ತ ಮನೆಯಲ್ಲಿ ಹೆಂಗಸೊಬ್ಬಳು ಎದ್ದು ಒಲೆ ಹಚ್ಚುವುದು ಈ ಮಾತಿನ ಬಲದಿಂದಲೇ. ಆದರೆ ಇದೇ ಮಾತು ಠೇವಣಿ ನುಂಗಿದವನ ಬಾಯಲ್ಲಿ, ಕಳಪೆ ಬೀಜ ಮಾರಿದವನ ಬಾಯಲ್ಲಿ ಬಂದಾಗ ಅದು ಭಕ್ತಿಯಲ್ಲ, ಜಾಮೀನು.

ಮಳೆ ಹೋದರೆ ನಮ್ಮಲ್ಲಿ ಗುರ್ಜಿ ಆಡುತ್ತಾರೆ. ರೊಟ್ಟಿ ಹಂಚಿನ ಮೇಲೆ ಸಗಣಿಯ ಗುರ್ಜಿ ಕೂರಿಸಿ ಹುಡುಗನ ತಲೆಯ ಮೇಲಿಟ್ಟು ಮನೆಮನೆಗೆ ಹೋದರೆ, ಹೆಂಗಸರು ಕೊಡದಿಂದ ನೀರು ಸುರಿಯುತ್ತಾರೆ, ಅವನು ಗರಗರ ತಿರುಗುತ್ತಾನೆ, ನೀರು ಸುತ್ತ ಚಿಮ್ಮುತ್ತದೆ. ಮೊರದಲ್ಲಿ ಬಿದ್ದ ಜೋಳವನ್ನು ಕೂಡಿಸಿ ಊರೇ ಉಣ್ಣುತ್ತದೆ. ಯೆಹೂದ್ಯರಲ್ಲಿಯೂ ಮಳೆ ತಡೆದಾಗ ಊರ ಚೌಕದಲ್ಲಿ ಸೇರುತ್ತಿದ್ದರು. ಧರ್ಮಗ್ರಂಥದ ಪೆಟ್ಟಿಗೆಯನ್ನೇ ಬಯಲಿಗೆ ತಂದು ಅದರ ಮೇಲೆ ಬೂದಿ ಸುರಿಯುತ್ತಿದ್ದರು, ಮೊದಲು ನಾಯಕನ ತಲೆಗೆ, ಆಮೇಲೆ ಉಳಿದವರ ತಲೆಗೆ. ಆಗ ಹಿರಿಯನೊಬ್ಬ ಎದ್ದು ಮಾತಾಡಬೇಕು. ಅವನು ಹೇಳಬೇಕಾದ್ದು ನಿನವೆ ಪಟ್ಟಣದ ಕಥೆ: ದೇವರು ಆ ಜನರ ಗೋಣಿತಟ್ಟನ್ನಾಗಲಿ ಉಪವಾಸವನ್ನಾಗಲಿ ಲೆಕ್ಕಕ್ಕೆ ಹಿಡಿಯಲಿಲ್ಲ, ಅವರ ನಡತೆ ತಿರುಗಿತೇ ಎಂದು ನೋಡಿದ. ಹೇಗೆ ತಿರುಗಿತು ಎಂಬುದಕ್ಕೆ ಪಂಡಿತ ಶಮುವೇಲ ಕೊಟ್ಟ ವಿವರಣೆಯನ್ನು ಮಿಶ್ನಾದ ವ್ಯಾಖ್ಯಾನವಾದ ತಾಲ್ಮುಡ್ ಬರೆದಿಟ್ಟಿದೆ. ಕದ್ದ ತೊಲೆಯೊಂದನ್ನು ಅರಮನೆಯೊಳಗೆ ಸೇರಿಸಿ ಕಟ್ಟಿದ್ದವನು ಅರಮನೆಯನ್ನೇ ಕೆಡವಿ ತೊಲೆಯನ್ನು ಒಡೆಯನಿಗೆ ಹಿಂದಿರುಗಿಸಿದನಂತೆ.

ನಮ್ಮ ಮಠ, ದರ್ಗಾ, ಚರ್ಚು, ವಿಹಾರಗಳ ಹಿರಿಯರೇ, ಬರಗಾಲದ ಸಭೆಯಲ್ಲಿ ಈ ತೊಲೆಯ ಮಾತನ್ನು ಎತ್ತಿ. ಒತ್ತುವರಿಯಾದ ಕೆರೆ ಅಂಗಳದ ಮೇಲೆ ನಿಂತ ಕಟ್ಟಡದಲ್ಲೇ ಮಳೆಗಾಗಿ ಹೋಮ ನಡೆದರೆ, ದುವಾ ನಡೆದರೆ, ಅಲ್ಲಿ ಕೂತವರಲ್ಲಿ ಒಬ್ಬರಾದರೂ ಕೆಳಗಿನ ನೆಲ ಯಾರದು ಎಂದು ಕೇಳಬೇಕು.

ಹಾಗಾದರೆ ನಂಬಿಕೆಗೆ ಏನು ಉಳಿಯಿತು? ನಂಬಿಕೆ ಸುಟ್ಟು ಹೋಗಬೇಕಾದ ಜಾಗದಲ್ಲಿ ಅದನ್ನು ಹಿಡಿದುಕೊಂಡವರ ಕಡೆ ನೋಡೋಣ. 1939ರ ಸೆಪ್ಟೆಂಬರಿನಲ್ಲಿ ಜರ್ಮನ್ ಬಾಂಬುಗಳು ವಾರ್ಸಾದ ಮೇಲೆ ಬಿದ್ದಾಗ ಯೆಹೂದಿ ಗುರು ರಬ್ಬಿ ಕಲೋನಿಮಸ್ ಶಪೀರಾ ಒಬ್ಬನೇ ಮಗನನ್ನೂ ಸೊಸೆಯನ್ನೂ ಕಳೆದುಕೊಂಡರು. ಅವರು ಯೆಹೂದ್ಯರನ್ನು ಕೂಡಿಹಾಕಿದ ಗೆಟ್ಟೋದೊಳಗೆ, ಹಸಿವು ಮತ್ತು ಟೈಫಸ್ಸಿನ ನಡುವೆ, 1942ರ ಬೇಸಿಗೆಯವರೆಗೂ ಶನಿವಾರಗಳಂದು ಪ್ರವಚನ ನಡೆಸಿದರು. ಮೊದಮೊದಲು ಇಂಥ ಕಷ್ಟ ನಮ್ಮ ಹಿರೀಕರಿಗೂ ಬಂದಿತ್ತು ಎಂದು ಧೈರ್ಯ ಹೇಳಿದ್ದರು. ಆಮೇಲೆ ತಮ್ಮ ಹಸ್ತಪ್ರತಿಯಲ್ಲಿ ಒಂದು ಟಿಪ್ಪಣಿ ಸೇರಿಸಿದರು: ಆ ಮಾತು ಆ ಹೊತ್ತಿಗೆ ಸರಿಯಿತ್ತು, ಈಗ ನಡೆಯುತ್ತಿರುವಂಥದು ಹಿಂದೆಂದೂ ಆಗಿಲ್ಲ. ಎಂಥ ಮನುಷ್ಯ! ದೇವರನ್ನು ಬಿಡಲಿಲ್ಲ, ದೇವರ ಪರವಾಗಿ ಸುಳ್ಳೂ ಹೇಳಲಿಲ್ಲ. ಅಪರಾಧ ನಿಮ್ಮದೇ, ಅದಕ್ಕೇ ಈ ಶಿಕ್ಷೆ ಎಂದು ಹಸಿದವರ ಮುಂದೆ ನಿಂತು ಗದರಲಿಲ್ಲ. ದೇವರೂ ಒಳಕೋಣೆಯಲ್ಲಿ ಅಳುತ್ತಿದ್ದಾನೆ ಎಂದರು. 1943ರಲ್ಲಿ ಅವರನ್ನು ಕೊಂದರು. ಹೂತಿಟ್ಟಿದ್ದ ಹಸ್ತಪ್ರತಿ ಹಾಲಿನ ಕ್ಯಾನಿನೊಳಗೆ 1950ರಲ್ಲಿ ಸಿಕ್ಕಿತು.

ಅದೇ ಗೆಟ್ಟೋದಲ್ಲಿ ಡಾಕ್ಟರ್ ಯಾನುಷ್ ಕೋರ್ಚಾಕ್ ಅನಾಥಾಲಯ ನಡೆಸುತ್ತಿದ್ದರು. 1942ರ ಜುಲೈ 18ರಂದು ಆ ಮಕ್ಕಳು ಆಡಿದ ನಾಟಕ ನಮ್ಮ ರವೀಂದ್ರನಾಥ ಠಾಕೂರರ ‘ಡಾಕ್ ಘರ್’. ಕಿಟಕಿಯ ಬಳಿ ಕೂತು ರಾಜನ ಓಲೆಗೆ ಕಾಯುವ ರೋಗಿ ಹುಡುಗನ ಕಥೆ. ಮೂರು ವಾರದೊಳಗೆ ಮಕ್ಕಳನ್ನು ಟ್ರೆಬ್ಲಿಂಕಾದ ಸಾವಿನ ಶಿಬಿರಕ್ಕೆ ಸಾಗಿಸಿದರು. ತಪ್ಪಿಸಿಕೊಳ್ಳುವ ದಾರಿಗಳನ್ನು ಬಿಟ್ಟುಕೊಟ್ಟು ಕೋರ್ಚಾಕ್ ಮಕ್ಕಳೊಂದಿಗೇ ನಡೆದರು. ಅವರು ನೇಮ ನಿಷ್ಠೆಯ ಯೆಹೂದಿಯೇನಲ್ಲ. ಆದರೂ ಒಂಟಿಯಾಗಿ ದಾರಿಗೆ ಬಿಡಲಿಲ್ಲ ಎಂಬ ಆ ಹಿರಿಯರ ಪ್ರಮಾಣವನ್ನು ಇಡೀ ಯುರೋಪಿನಲ್ಲಿ ನಿಜವಾಗಿ ಮಾಡಬಲ್ಲ ಕೆಲವೇ ಮಂದಿಯಲ್ಲಿ ಅವರೊಬ್ಬರು.

ಗಾಜಾದ ಮಕ್ಕಳ ಮಾತು ಓದುಗರ ಮನಸ್ಸಿಗೆ ಬಂದೇ ಬಂದಿರುತ್ತದೆ. ಬರಲಿ. ಹತ್ತಿರದ ಊರನ್ನು ಕೇಳುವ ಶಾಸ್ತ್ರ ಅಲ್ಲಿಯೂ ಹತ್ತಿರದವರನ್ನೇ ಕೇಳುತ್ತದೆ. ತಮ್ಮವರನ್ನೇ ಹಾಗೆ ಕೇಳಿ ಬೀದಿಗೆ ಬಂದ ರಬ್ಬಿಗಳೂ ಇದ್ದಾರೆ. ಗ್ರಂಥ ಒಳ್ಳೆಯದಾದ ಮಾತ್ರಕ್ಕೆ ಅದರ ಜನ ಒಳ್ಳೆಯವರಾಗುವುದಿಲ್ಲ ಎಂಬುದು ಎಲ್ಲ ಧರ್ಮಗಳ ಪಾಡು. ನಮ್ಮದೂ ಬೇರೆಯಲ್ಲ. 1948ರಲ್ಲಿ ರಜಾಕಾರರ ಕೈಗೆ ಸಿಕ್ಕು ಸತ್ತವರ ಹೆಸರು ಹೇಳುವ ಮನೆಗಳು ಈ ತಾಲ್ಲೂಕುಗಳಲ್ಲಿವೆ. ಅದೇ ವರ್ಷ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆ ಆದಮೇಲೆ ಸತ್ತ ಮುಸಲ್ಮಾನರ ಹೆಸರು ಪಿಸುಮಾತಿನಲ್ಲಿ ಹೇಳುವ ಮನೆಗಳೂ ಇವೆ. ಆ ಹಿಂಸೆಯನ್ನು ವಿಚಾರಿಸಿದ ಸುಂದರಲಾಲ್ ಸಮಿತಿ ಅತಿ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ಗುಲ್ಬರ್ಗವನ್ನೂ ಹೆಸರಿಸಿತ್ತು. ಪ್ರತಿ ಮನೆಯೂ ತನ್ನ ಹೆಣಗಳನ್ನಷ್ಟೇ ಎಣಿಸುತ್ತ ಬಂದಿದೆ.

ಇದೆಲ್ಲ ಹೊರಗಿನ ಶಾಸ್ತ್ರವೆಂದು ಯಾರಿಗಾದರೂ ಅನಿಸಿದರೆ ಚಿತ್ತಾಪುರ ತಾಲ್ಲೂಕಿನ ಸನ್ನತಿಗೆ ಹೋಗಿ ಬನ್ನಿ. ಭೀಮಾ ದಂಡೆಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಕಾ ಗುಡಿಯ ಮಾಳಿಗೆ 1986ರಲ್ಲಿ ಕುಸಿಯಿತು. ದೇವಿಯ ಪೀಠವಾಗಿದ್ದ ಚಪ್ಪಡಿ ಆಗ ಬೆಳಕಿಗೆ ಬಂತು. ಅದರ ಮೈ ತುಂಬ ಬ್ರಾಹ್ಮಿ ಅಕ್ಷರ: ಅಶೋಕನ ಶಾಸನಗಳು. ವಿಗ್ರಹ ನಿಲ್ಲಿಸಲು ಯಾರೋ ಯಾವ ಕಾಲದಲ್ಲೋ ನಡುವೆ ಕಚ್ಚು ಕೊರೆದಿದ್ದರಿಂದ ಸಾಲುಗಳು ಮುಕ್ಕಾಗಿದ್ದವು. ಅದರಲ್ಲೊಂದು ಪರಮತ ನಿಂದೆ ಬೇಡವೆನ್ನುವ 12ನೆಯ ಶಾಸನ. ಜತೆಗೆ ಕಳಿಂಗದ ಧೌಲಿ, ಜೌಗಡದಲ್ಲಿ ಕಾಣುವ ಪ್ರತ್ಯೇಕ ಶಾಸನಗಳೂ ಇಲ್ಲಿವೆ. ಅವು ಪ್ರಜೆಗಳಿಗಲ್ಲ, ಅಧಿಕಾರಿಗಳಿಗೆ ಬರೆದವು. ಎಲ್ಲರೂ ತನ್ನ ಮಕ್ಕಳು ಎನ್ನುವ ಅರಸ, ಯಾರನ್ನೂ ಸುಮ್ಮನೆ ಬಂಧನದಲ್ಲಿಡಬೇಡಿ, ಅಸೂಯೆ, ಸಿಟ್ಟು, ಆತುರ, ಸೋಮಾರಿತನ ಇದ್ದರೆ ನ್ಯಾಯ ನಡೆಸಲಾಗದು ಎಂದು ನೌಕರರನ್ನು ಎಚ್ಚರಿಸುತ್ತಾನೆ. ಎಷ್ಟೋ ತಲೆಮಾರು ಆ ಕಲ್ಲಿನ ಮೇಲೆ ಕುಂಕುಮ ಏರಿಸಿ ಕೈ ಮುಗಿದೆವು, ಕಲ್ಲು ಹೇಳುವುದನ್ನು ಓದಲು ಮಾಳಿಗೆಯೇ ಬೀಳಬೇಕಾಯಿತು.

ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ರಾಜ್ಯವಾಳಿದ ಅಮೋಘವರ್ಷನ ಸಂಗತಿಯೂ ಗೊತ್ತಿರಲಿ. ನಾಡಿಗೆ ಬಂದ ಪೀಡೆ ಕಳೆಯಲೆಂದು ಅವನು ಎಡಗೈ ಬೆರಳನ್ನೇ ಕತ್ತರಿಸಿ ಮಹಾಲಕ್ಷ್ಮಿಗೆ ಒಪ್ಪಿಸಿದನೆಂದು 871ರ ಸಂಜಾನ್ ತಾಮ್ರಪಟ ಹೇಳುತ್ತದೆ. ಬೆರಳು ಕೊಟ್ಟರೆ ಪೀಡೆ ಹೋಗುವುದಿಲ್ಲ, ಅದು ನಮಗೂ ಗೊತ್ತು. ಆದರೆ ಕುರಿಯನ್ನೋ ಕೋಣವನ್ನೋ ಬಡವನ ಮಗನನ್ನೋ ಕೊಡದೆ, ಕಷ್ಟ ಬಂದಾಗ ಮೊದಲು ನೋಯಬೇಕಾದ ಕೈ ಆಳುವವನದು ಎಂದು ತಿಳಿದಿದ್ದನಲ್ಲ! ಇಂದು ಅವನ ಕೋಟೆಯ ಸುತ್ತ ಸಿಮೆಂಟ್ ಕಾರ್ಖಾನೆಗಳ ಚಿಮಣಿಗಳಿವೆ.

ಆ ಚಿಮಣಿಗಳ ಲೆಕ್ಕಕ್ಕೂ ಮಿಶ್ನಾದಲ್ಲಿ ಅಳತೆಯಿದೆ. ರಾಶಿ ಮಾಡುವ ಕಾಯಂ ಕಣವನ್ನು ಊರಿನಿಂದ 50 ಮೊಳ ದೂರ ಇಡಬೇಕು, ಹೊಟ್ಟು ಜನರ ಮೇಲೆ ಹಾರಬಾರದು. ಚರ್ಮ ಹದ ಮಾಡುವ ಜಾಗವೂ 50 ಮೊಳ ದೂರವಿರಬೇಕು, ಅದೂ ಗಾಳಿ ನೋಡಿ ಊರ ಮೂಡಲಿಗೆ ಮಾತ್ರ. ಅನ್ನದ ಹೊಟ್ಟಿಗೇ ಇಷ್ಟು ಲೆಕ್ಕ. ವಾಡಿಯ ಓಣಿಗಳಲ್ಲಿ ಬೆಳಿಗ್ಗೆ ತುಳಸಿ ಎಲೆಯನ್ನು ಬೆರಳಿಂದ ಒರೆಸಿದರೆ ಬೂದುಬಣ್ಣ ಹತ್ತುತ್ತದೆ. ಸಣ್ಣ ಹನಿ ಬಿದ್ದು ಬಿಸಿಲು ಬಂತೆಂದರೆ ಪತ್ರಾಸಿನ ಮೇಲೆ ಅದು ಗಟ್ಟಿ ಹೊಪ್ಪಳಿಕೆಯಾಗುತ್ತದೆ, ಉಜ್ಜಿದರೂ ಹೋಗದು. ಕಾರ್ಖಾನೆ ಬೇಡವೆಂದು ನಾನು ಹೇಳುತ್ತಿಲ್ಲ. ಶಹಾಬಾದಿನಲ್ಲಿ ಯಂತ್ರದ ಸದ್ದು ನಿಂತಾಗ ಊರು ಎಷ್ಟು ಬಡವಾಯಿತೆಂದು ನಮಗೆ ಗೊತ್ತು. ಧೂಳು ಹಿಡಿಯುವ ಯಂತ್ರ ರಾತ್ರಿಯೂ ಓಡುತ್ತಿದೆಯೇ ಎಂದು ಒಳಗೆ ಕೆಲಸ ಮಾಡುವ ನಮ್ಮ ಮಕ್ಕಳೇ ಕೇಳಲಿ, ಅವರ ಜತೆ ಊರು ನಿಲ್ಲಲಿ ಎನ್ನುತ್ತಿದ್ದೇನೆ. ತಡೆಯಬಲ್ಲವನು ತಡೆಯದಿದ್ದರೆ ಮನೆಯ ತಪ್ಪಿಗೆ, ಊರಿನ ತಪ್ಪಿಗೆ, ಲೋಕದ ತಪ್ಪಿಗೆ ಪಾಲುದಾರ ಎಂದು ತಾಲ್ಮುಡ್ ಹೊಣೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತದೆ. ಲೋಕ ಇರಲಿ, ಊರಿನ ಮೆಟ್ಟಿಲಿನ ತನಕ ಹತ್ತೋಣ.

ಕೂಲಿಯದೂ ಹೀಗೆಯೇ. ಸೂರ್ಯ ಮುಳುಗುವ ಮುನ್ನ ಅಂದಿನ ಕೂಲಿ ಅಂದೇ ಕೈಗೆ ಸೇರಬೇಕೆಂಬುದು ಆ ಶಾಸ್ತ್ರದ ಕಟ್ಟಳೆ. ಅವನು ಏಣಿ ಏರಿದ್ದು, ಮರಕ್ಕೆ ಜೋತದ್ದು, ಜೀವ ಪಣಕ್ಕಿಟ್ಟದ್ದು ಆ ಕೂಲಿಗಾಗಿ ಅಲ್ಲವೇ ಎಂದು ಪಂಡಿತರು ಕೇಳುತ್ತಾರೆ. ಚಿಂಚೋಳಿ ತಾಂಡಾಗಳ ಜನ ಮುಂಗಡ ತೆಗೆದುಕೊಂಡು ಕಬ್ಬು ಕಡಿಯಲು ಹೋಗುವಾಗ ಮುಕಾದಮನ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತುತ್ತಾರೆ. ಆ ಪುಸ್ತಕವನ್ನು ಹಿಂದಿರುಗಿದ ದಿನ ಜೋರಾಗಿ ಓದಿ ಕೂಡಿಸಿ ಕಳೆಯಲು ಊರ ಶಿಕ್ಷಕರೊಬ್ಬರು ಜತೆಗೆ ಕೂತರೆ ಸಾಕು, ಎಷ್ಟು ಲೆಕ್ಕ ತಿರುಗಿಬಿಡುತ್ತದೋ ನೋಡಿ.

ಆದರೆ ಎಲ್ಲಕ್ಕಿಂತ ಮೊದಲು ಖಣಿ. ಸೇಡಂ, ಚಿತ್ತಾಪುರ, ಶಹಾಬಾದ ಮೂರರ ಸುತ್ತಲೂ ಫರ್ಸಿ ಕಲ್ಲು ಎಬ್ಬಿಸಿ ಬಿಟ್ಟುಹೋದ ಗುಂಡಿಗಳಿವೆ. ಹಾರೆಯಿಂದ ಪದರ ಪದರವಾಗಿ ಎಬ್ಬಿಸಿದ್ದರಿಂದ ಗೋಡೆ ನೆಟ್ಟಗೆ ಕಡಿದಂತಿರುತ್ತದೆ, ಇಳಿಜಾರಿಲ್ಲ. ಮಳೆ ತುಂಬಿದರೆ ಮೇಲಿನಿಂದ ಕೆರೆಯಂತೆ ಕಾಣುತ್ತದೆ. ದನ ಕಾಯುವ ಹುಡುಗ ಈಜಲು ಇಳಿಯುತ್ತಾನೆ, ಬಟ್ಟೆ ಒಗೆಯುವವಳ ಕಾಲು ಪಾಚಿಯ ಮೇಲೆ ಜಾರುತ್ತದೆ. ಹಿಡಿಯಲು ಒಂದು ಬೇರೂ ಇಲ್ಲ, ನಿಲ್ಲಲು ಒಂದು ಮೆಟ್ಟಿಲೂ ಇಲ್ಲ. ದೇಶದ ಎಷ್ಟೋ ಮನೆ, ಎಷ್ಟೋ ರೈಲು ನಿಲ್ದಾಣಗಳ ನೆಲಕ್ಕೆ ಹಾಸು ಕೊಟ್ಟದ್ದು ಈ ಗುಂಡಿಗಳು. ಹಾಸು ಹೋಯಿತು, ಬಾಯಿ ತೆರೆದ ಗುಂಡಿ ಮಾತ್ರ ನಮ್ಮ ಪಾಲಿಗೆ ಉಳಿಯಿತು. ಗುಂಡಿ ತೋಡಿ ಮುಚ್ಚದೆ ಬಿಟ್ಟು, ಅದರಲ್ಲಿ ಎತ್ತೋ ಕತ್ತೆಯೋ ಬಿದ್ದು ಸತ್ತರೆ ತೋಡಿದವನು ತೆರಬೇಕೆಂದು ಮೋಶೆಯ ಶಾಸ್ತ್ರ ಹೇಳುತ್ತದೆ. ಎಷ್ಟು ಆಳವಿದ್ದರೆ ಅದು ಕೊಲ್ಲುವ ಗುಂಡಿ? ಮಿಶ್ನಾದ ಲೆಕ್ಕ ಹತ್ತು ಅಂಗೈ ಅಗಲ, ಹೆಚ್ಚುಕಡಿಮೆ ಮೂರು ಅಡಿ. ನಮ್ಮ ಗುಂಡಿಗಳು ಆಳೆತ್ತರದ ಎಷ್ಟೋ ಪಟ್ಟು, ಬೀಳುವವರು ನಮ್ಮ ಮಕ್ಕಳು. ವಿಧಿ ಎನ್ನುತ್ತೇವೆ, ಗಂಗಮ್ಮ ಕರೆದಳು ಎನ್ನುತ್ತೇವೆ. ಗಂಗಮ್ಮ ಕರೆದದ್ದಲ್ಲ, ಬೇಲಿ ಹಾಕಬೇಕಾದವನು ಹಾಕಲಿಲ್ಲ.

ಬಿಟ್ಟುಹೋದ ಗಣಿಯ ಬಾಯಿಗೆ ಬೇಲಿ ಇರಬೇಕೆಂದು 1952ರ ಗಣಿ ಕಾಯ್ದೆಯಡಿಯ ನಿಯಮಗಳೇ ಹೇಳುತ್ತವೆ. 2015ರಲ್ಲಿ ಖನಿಜ ಕಾಯ್ದೆ ತಿದ್ದಿ ಜಿಲ್ಲಾ ಖನಿಜ ಪ್ರತಿಷ್ಠಾನ ಮಾಡಿದ್ದಾರೆ. ಸಿಮೆಂಟಿಗೆಂದು ತೆಗೆಯುವ ಸುಣ್ಣದಕಲ್ಲಿನ ರಾಜಧನದ ಮೇಲೆ ಗುತ್ತಿಗೆಯ ಕಾಲ ನೋಡಿ ಶೇ 10 ಅಥವಾ ಶೇ 30ರಷ್ಟು ಹೆಚ್ಚುವರಿ ಹಣ ಅದಕ್ಕೆ ಸೇರುತ್ತದೆ. ಅದರ ದೊಡ್ಡ ಪಾಲು ಗಣಿಯಿಂದ ನೊಂದ ಊರುಗಳ ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಪರಿಸರಕ್ಕೆ ಹೋಗಬೇಕು. ನಿಮ್ಮ ಊರಿಗೆ ಎಷ್ಟು ಬಂತು? ಯಾವ ಶಾಲೆಗೆ, ಯಾವ ಬೇಲಿಗೆ? ಮುಂದಿನ ಗ್ರಾಮಸಭೆಯಲ್ಲಿ ಕೇಳಿ. ಬಸವ ಜಯಂತಿಯ ಮೆರವಣಿಗೆ, ಉರುಸು, ಭೀಮ ಜಯಂತಿ ಮಾಡುವ ತರುಣರೇ, ಈ ವರ್ಷ ಒಂದೊಂದು ಸಂಘ ಒಂದೊಂದು ಗುಂಡಿಯ ಹೊಣೆ ಹೊರಲಿ. ಮುಂಗಾರಿಗೆ ಮುಂಚೆ ಹೋಗಿ ಉದ್ದ ಅಗಲ ಆಳ ಅಳೆಯಿರಿ, ಹತ್ತಿರದ ಶಾಲೆಗೆ ಎಷ್ಟು ಹೆಜ್ಜೆ ಎಂದು ಬರೆಯಿರಿ, ಪಂಚಾಯಿತಿ ಗೋಡೆಗೆ ಆ ಪಟ್ಟಿ ಅಂಟಿಸಿ. ಗುತ್ತಿಗೆ ಪಡೆದವರ ಹೆಸರು ಗಣಿ ಇಲಾಖೆಯ ಕಡತದಲ್ಲಿದೆ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ, ಉತ್ತರ ಕೊಡಲು ಅವರಿಗೆ ಇರುವುದು 30 ದಿನ. ಅರ್ಜಿ ಬರೆಯಲು ಬಾರದವರ ಪಕ್ಕ ಬರೆಯಬಲ್ಲವರು ಕೂರಲಿ, ಇದೇ ವಾರ.